ಪದ ಬೇಕು: 'ಸಟೈರಿಕಲ್ ಪ್ರಿಂಟ್'ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ, ಅರ್ಜೆಂಟಾಗಿ ಒಂದು ಪದ ಬೇಕಿತ್ತು, ನಾಳೆ ಬೆಳಿಗ್ಗೆ ಬೋರ್ಡು ಪ್ರಿಂಟಿಗೆ ಹೋಗುತ್ತೆ. ಮೈಸೂರು ಯುದ್ಧಗಳ ಮೇಲಿನ ಒಂದು ಸಣ್ಣ ಪ್ರದರ್ಶನಕ್ಕೆ ಇಂಗ್ಲಿಷ್ ಚಿತ್ರಕಾರ ಜೇಮ್ಸ್ ಗಿಲ್ರೇ 1791ರಲ್ಲಿ ಲಂಡನ್ನಿನಲ್ಲಿ ಮಾಡಿದ ಚಿತ್ರಕ್ಕೆ ವಿವರ ಬರೀತಿದೀನಿ. ಆ ವರ್ಷ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ತನಕ ಬಂದು, ಮಳೆ ಹಿಡಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ವಾಪಸ್ ಹೋದನಲ್ಲ, ಅದರ ಗೇಲಿ ಇದು. ಕೋಟೆ ಮೇಲೆ ನಿಂತ ಟಿಪ್ಪು ಕೆಳಗೆ ಓಡೋ ಸೈನ್ಯದ ಮೇಲೆ ಉಚ್ಚೆ ಹೊಯ್ತಿದಾನೆ, ಅದೇ ಮಾನ್ಸೂನ್ ಅಂತೆ. ವ್ಯಂಗ್ಯಚಿತ್ರ ಅಂತ ಬರೆದಿದ್ದೆ, ಆದ್ರೆ ಓದಿದವರಿಗೆ ಪೇಪರ್ ಕಾರ್ಟೂನ್ ಅನ್ನಿಸುತ್ತೆ, ಇದು ತಾಮ್ರದ ತಗಡಿಂದ ಅಚ್ಚು ತೆಗೆದು ಅಂಗಡಿಯಲ್ಲಿ ಬಿಡಿ ಹಾಳೆಯಾಗಿ ಮಾರಿದ್ದು. 'ಪ್ರೊಪಗಾಂಡಾ'ಗೂ ಒಂದು ಪದ ಹೇಳಿ, 'ಅಪಪ್ರಚಾರ' ಆಗುತ್ತಾ?

ರೀ: ಪದ ಬೇಕು

ವ್ಯಂಗ್ಯಚಿತ್ರ ಬೇಡವೇ ಬೇಡ. ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯ ಅಂದ್ರೆ ಬಾಯಿಬಿಟ್ಟು ಹೇಳದೆ ಧ್ವನಿಸೋ ಅರ್ಥ, ಈ ಚಿತ್ರದಲ್ಲಿ ಮುಚ್ಚಿಟ್ಟಿದ್ದು ಏನಿದೆ? 'ಅಣಕದ ಅಚ್ಚುಚಿತ್ರ' ಅನ್ನಿ. ಅಣಕ, ಅಚ್ಚು ಎರಡೂ ನಮ್ಮವು. ಅಚ್ಚು ಸಂಸ್ಕೃತದ ಅಕ್ಷದಿಂದ ಬಂತು ಅಂತ ಇಲ್ಲಿ ಹಿಂದೆಯೂ ಒಬ್ಬರು ವಾದ ಮಾಡಿದ್ರು, ತಪ್ಪು. ಅಕ್ಷದ ತದ್ಭವ ಗಾಡಿಯ ಅಚ್ಚು. ಬೆಲ್ಲದ ಅಚ್ಚು, ಅಚ್ಚುಕೂಟದ ಅಚ್ಚು ಬೇರೆ ಪದ, ತಮಿಳು ಮಲಯಾಳಗಳಲ್ಲೂ ಇದೆ, ಅಪ್ಪಟ ದ್ರಾವಿಡ. ಎಚಿಂಗಿಗೆ, ಅಂದ್ರೆ ತಗಡನ್ನ ಆಸಿಡ್ಡಿನಲ್ಲಿ ಕೊರೆಯೋದಕ್ಕೆ, 'ಆಮ್ಲೋತ್ಕೀರ್ಣನ' ಥರದ್ದನ್ನ ದಯವಿಟ್ಟು ಹುಟ್ಟಿಸಬೇಡಿ.

ರೀ: ರೀ: ಪದ ಬೇಕು

'ಚಿತ್ರ' ಅನ್ನೋ ಪದ ಎಲ್ಲಿಂದ ಬಂತು ಸರ್, ಸಂಸ್ಕೃತದಿಂದ ತಾನೇ? ಅರ್ಧ ಪದಕ್ಕೆ ಮಡಿ, ಇನ್ನರ್ಧಕ್ಕೆ ಬೇಡ ಅನ್ನೋದು ಒಪ್ಪೋ ಮಾತಲ್ಲ. ವ್ಯಂಗ್ಯ ಕನ್ನಡದ ಬಾಯಲ್ಲಿ ಅರ್ಥ ಬದಲಾಯಿಸಿ ಎಷ್ಟೋ ಕಾಲ ಆಯ್ತು, ಎರವಲು ಪದಗಳ ಹಣೆಬರಹವೇ ಅದು. ಕ್ಯಾರಿಕೇಚರ್ ಕೂಡ ಇಟಾಲಿಯನ್ನಿನಲ್ಲಿ 'ಹೇರು' ಅನ್ನೋ ಕ್ರಿಯಾಪದದಿಂದ ಬಂದದ್ದು, ಮುಖದ ಮೇಲೆ ಹೊರೆ ಹೇರಿದ ಹಾಗೆ ಮೂಗು ಗಲ್ಲ ಉಬ್ಬಿಸೋದು. ಆದ್ರೂ ವ್ಯಂಗ್ಯಚಿತ್ರ ಇಲ್ಲಿ ಬೇಡ ಅಂತ ನಾನೂ ಹೇಳ್ತೀನಿ, ಕಾರಣ ಬೇರೆ: ಇಂಗ್ಲಿಷಿನಲ್ಲೇ ಕಾರ್ಟೂನಿಗೆ ಈಗಿನ ಅರ್ಥ ಬಂದದ್ದು 1843ರಲ್ಲಿ, ಗಿಲ್ರೇ ತೀರಿಕೊಂಡದ್ದು 1815ರಲ್ಲಿ.

ಅಪಪ್ರಚಾರ ಖಂಡಿತ ಬೇಡ, ಅದು ಸುಳ್ಳು ಅಂತ ಮೊದಲೇ ತೀರ್ಪು ಕೊಟ್ಟ ಹಾಗೆ. 1792ರಲ್ಲಿ ಇನ್ನೊಬ್ಬ ಇಂಗ್ಲಿಷ್ ಚಿತ್ರಕಾರ ರೋಲಂಡ್ಸನ್ ಮಾಡಿದ ಚಿತ್ರ ನೋಡಿ, ಒಂದು ಕಡೆ ಬ್ರಿಟಿಷ್ ಸ್ವಾತಂತ್ರ್ಯ, ಇನ್ನೊಂದು ಕಡೆ ಫ್ರೆಂಚ್ ಸ್ವಾತಂತ್ರ್ಯ, ಯಾವುದು ಮೇಲು ಅಂತ ಕೇಳುತ್ತೆ, ಫ್ರೆಂಚ್ ಕ್ರಾಂತಿಯ ಗಾಳಿ ಇಂಗ್ಲೆಂಡಿಗೆ ಬೀಸದಿರಲಿ ಅಂತ ರಾಜನಿಷ್ಠರ ಸಂಘವೇ ಅದನ್ನ ಹೊರಡಿಸಿತು. ಅದಕ್ಕೆ 'ರಾಜಕೀಯ ಪ್ರಚಾರ' ಸರಿಹೋಗುತ್ತೆ. ನಿಮ್ಮ ಗಿಲ್ರೇ ತನ್ನ ದೇಶದ ಸೇನಾಪತಿಯನ್ನೇ ಗೇಲಿ ಮಾಡಿದಾನೆ, ಅಲ್ಲಿ ಪ್ರಚಾರ ಅನ್ನೋ ಪದವೇ ಯಾಕೆ?

ರೀ: ರೀ: ರೀ: ಪದ ಬೇಕು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 'ಅಣಕದ ಅಚ್ಚುಚಿತ್ರ, ತಾಮ್ರದ ತಗಡನ್ನು ಆಸಿಡ್ಡಿನಲ್ಲಿ ಕೊರೆದು ತೆಗೆದದ್ದು' ಅಂತ ಕಳಿಸ್ತಿದೀನಿ. ಪ್ರಚಾರ ಅನ್ನೋ ಸಾಲು ಪೂರ್ತಿ ತೆಗೆದೆ.