ವೈದ್ಯಕೀಯ ಗಾಂಜಾಕ್ಕೆ ರಾಜ್ಯ ಸೈ ಅಂದಿದೆ, ಗ್ರೀನ್ ಕಾರ್ಡ್‌ಗೆ ತೊಂದ್ರೆ ಆಗುತ್ತಾ?

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹೆಂಡತಿಗೆ ಕೀಮೋ ನಡೀತಿದೆ, ವಾಂತಿ ನಿಲ್ತಿಲ್ಲ, ಊಟ ಸೇರ್ತಿಲ್ಲ. ಡಾಕ್ಟರು ಗಾಂಜಾಕ್ಕೆ ಶಿಫಾರಸು ಪತ್ರ ಕೊಡ್ತೀನಿ ಅಂದಿದ್ದಾರೆ. ನಾನು ಎಚ್-1ಬಿ (ಕೆಲಸದ ವೀಸಾ), ಅವಳು ಎಚ್-4 (ಅವಲಂಬಿತರ ವೀಸಾ), ಇಬ್ಬರದ್ದೂ ಐ-485, ಅಂದ್ರೆ ಗ್ರೀನ್ ಕಾರ್ಡ್ ಅರ್ಜಿ, ಹಾಕಿಯಾಗಿದೆ. ತಿಳಿದವರು ಹೇಳಿ.

ಉತ್ತರ 1: ಡಾಕ್ಟರು ಕೊಡೋದು ಪತ್ರ, ಪ್ರಿಸ್ಕ್ರಿಪ್ಷನ್ ಅಲ್ಲ. ಗೊಂದಲದ ಬೇರು ಅಲ್ಲೇ ಇದೆ. ರಾಜ್ಯ 1996ರಲ್ಲೇ ಪ್ರಾಪೊಸಿಷನ್ 215 ಮೂಲಕ ಒಪ್ಪಿದೆ. ಆದರೆ ಗಾಂಜಾವನ್ನು ನಿಷೇಧಿಸೋ 1970ರ ಫೆಡರಲ್ (ಕೇಂದ್ರ ಸರ್ಕಾರದ) ನಿಯಂತ್ರಿತ ವಸ್ತುಗಳ ಕಾಯ್ದೆ, ರಾಜ್ಯ ಒಪ್ಪಿದ್ದರೂ ಅನ್ವಯಿಸುತ್ತೆ ಅಂತ 2005ರ ರೈಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರಲ್ಲಿ ಕಾಂಗ್ರೆಸ್ಸು ಬಜೆಟ್ಟಿಗೆ ಒಂದು ಷರತ್ತು ಸೇರಿಸಿತು: ರಾಜ್ಯಗಳ ವೈದ್ಯಕೀಯ ಗಾಂಜಾ ವ್ಯವಸ್ಥೆಗೆ ಅಡ್ಡಿ ಮಾಡಲು ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡುವಂತಿಲ್ಲ. ಇದನ್ನು ನೆಚ್ಚಿಕೊಂಡೇ ಜನ ಎಡವೋದು. ನಿಮ್ಮ ಫೈಲು ಇರೋದು ವಲಸೆ ಅರ್ಜಿ ನೋಡೋ ಹೋಂಲ್ಯಾಂಡ್ ಸೆಕ್ಯುರಿಟಿ ಇಲಾಖೆ ಕೈಯಲ್ಲಿ, ಆ ಷರತ್ತು ಅವರನ್ನು ಕಟ್ಟಿಹಾಕೋದಿಲ್ಲ. ಗಾಂಜಾವನ್ನು ಆ ಫೆಡರಲ್ ಕಾಯ್ದೆಯ ಅತಿ ಕಟ್ಟುನಿಟ್ಟಿನ ಪಟ್ಟಿಯಾದ ಶೆಡ್ಯೂಲ್ 1ರಿಂದ 3ಕ್ಕೆ ಇಳಿಸಿದರೂ ಅದು ‘ನಿಯಂತ್ರಿತ ವಸ್ತು’ವೇ.

ಉತ್ತರ 2: ಕೇಸು, ಶಿಕ್ಷೆ ಏನೂ ಆಗಬೇಕಿಲ್ಲ. ನಿಯಂತ್ರಿತ ವಸ್ತುಗಳ ಕಾನೂನನ್ನು ಎಂದಾದರೂ ಮೀರಿದ್ದೀರಾ ಅಂತ ಐ-485ರಲ್ಲೇ ಪ್ರಶ್ನೆ ಇದೆ. ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಅರ್ಜಿ ಬಿದ್ದುಹೋಗಬಹುದು. ಸುಳ್ಳು ಹೇಳಿದರೆ ಅದು ಬೇರೆಯೇ ಅಪರಾಧ, ಇನ್ನೂ ಕೆಟ್ಟದ್ದು. ಒಂದೇ ಸಲ, 30 ಗ್ರಾಂ ಒಳಗೆ ಇಟ್ಟುಕೊಂಡಿದ್ದರೆ ವಿನಾಯಿತಿ ಕೇಳೋಕೆ ದಾರಿ ಇದೆ. ಆದರೆ ಕೀಮೋ ಮುಗಿಯೋವರೆಗೂ ಕೊಳ್ಳೋದು ‘ಒಂದೇ ಸಲ’ ಹೇಗಾದೀತು? ಗಾಂಜಾ ಕಾರ್ಡ್ ಮಾಡಿಸೋ ಮುಂಚೆ ಇಮಿಗ್ರೇಷನ್ ವಕೀಲರನ್ನು ನೋಡಿ.

ಉತ್ತರ 3: ಸರ್, ಮೊದಲು ಆಂಕಾಲಜಿಸ್ಟ್ ಹತ್ರ ‘ಡ್ರೊನಾಬಿನಾಲ್’ ಆಗುತ್ತಾ ಕೇಳಿ. ಇದೂ ಗಾಂಜಾದಲ್ಲಿ ಮತ್ತು ತರೋ ಟಿಎಚ್‌ಸಿಯೇ, ಆದರೆ ಲ್ಯಾಬಿನಲ್ಲಿ ತಯಾರಾಗಿದ್ದು. ಬೇರೆ ಔಷಧಿಗೆ ಬಗ್ಗದ ಕೀಮೋ ವಾಂತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ಮಾಮೂಲಿ ಪ್ರಿಸ್ಕ್ರಿಪ್ಷನ್ ಮೇಲೆ ಮಾಮೂಲಿ ಫಾರ್ಮಸಿಯಲ್ಲೇ ಸಿಗುತ್ತೆ. ಕ್ಯಾಪ್ಸೂಲ್ 2.5, 5, 10 ಮಿಲಿಗ್ರಾಂನಲ್ಲಿ ಬರುತ್ತೆ. ಒಳಗಿರೋದು ಎಳ್ಳೆಣ್ಣೆ, ಎಳ್ಳಿನ ಅಲರ್ಜಿ ಇದ್ದರೆ ಬೇಡ. ಇನ್ಶೂರೆನ್ಸ್‌ನವರು ಮುಂಚಿತ ಅನುಮತಿ ಕೇಳಬಹುದು, ಕೀಮೋ ದಿನಕ್ಕೆ ಕಾಯದೆ ಈಗಲೇ ಶುರುಮಾಡಿಸಿ. ಮೂತ್ರ ಪರೀಕ್ಷೆಯಲ್ಲಿ ಇದೂ ಗಾಂಜಾದಂತೆಯೇ ಪಾಸಿಟಿವ್ ತೋರಿಸುತ್ತೆ. ಹಾಗಾಗಿ ಹೆಸರಿರೋ ಲೇಬಲ್ ಸಮೇತ ಬಾಟಲಿ ಇಟ್ಟುಕೊಳ್ಳಿ, ಗ್ರೀನ್ ಕಾರ್ಡ್ ಮೆಡಿಕಲ್ ಪರೀಕ್ಷೆಗೂ ಅದನ್ನೇ ಒಯ್ಯಿರಿ.

ಉತ್ತರ 4: ಮೇಲಿನವರು ಹೇಳಿದ್ದು ಸರಿ. ಜೊತೆಗೆ ಇನ್ನೊಂದು: ಅಂಗಡಿಯ ಗಾಂಜಾ ಗಮ್ಮಿ (ಜೆಲ್ಲಿ ಮಿಠಾಯಿ) ಅಂತ ನೆಂಟರು ಯಾರಾದರೂ ತಂದುಕೊಟ್ಟರೆ ಕಾರಿನಲ್ಲಿ ಮರೆತುಬಿಡಬೇಡಿ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದರೆ ಅದು ಫೆಡರಲ್ ಜಾಗ, ರಾಜ್ಯದ ಕಾರ್ಡು ಅಲ್ಲಿ ನಡೆಯಲ್ಲ. ಬೆಂಗಳೂರಿಗೆ ಹೊರಟಾಗಂತೂ ಬ್ಯಾಗಿನ ಜೇಬೆಲ್ಲ ಜಾಲಾಡಿ, ಅಲ್ಲಿ ಕಾಯುತ್ತಿರೋದು ಭಾರತದ ಮಾದಕ ವಸ್ತು ಕಾಯ್ದೆ ಎನ್‌ಡಿಪಿಎಸ್.