ಬಾಡಿಗೆ ಮನೆಯಲ್ಲಿ ಯಾವ ಕೆಲಸ ನಮ್ಮದು, ಯಾವುದು ಮಾಲೀಕರದು?

ಕೇಳಿದವರು, ಟಮಕ, ಕೋಲಾರ

ಇದುವರೆಗೆ ಅತ್ತೆ ಮಾವನವರೊಂದಿಗೆ ಇದ್ದ ನಾವು ಎರಡು ತಿಂಗಳ ಹಿಂದೆ ಮೊದಲ ಬಾರಿಗೆ ಬಾಡಿಗೆ ಮನೆಗೆ ಬಂದಿದ್ದೇವೆ. ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ, ಗೀಸರ್‌ನಲ್ಲಿ ನೀರು ಕಾಯಲು ಬಹಳ ಹೊತ್ತು ಹಿಡಿಯುತ್ತಿದೆ, ಅಡುಗೆಮನೆಯ ಗೋಡೆಯಲ್ಲಿ ತೇವ ಕಾಣಿಸಿಕೊಂಡಿದೆ. ಯಾವುದನ್ನು ನಾವೇ ಮಾಡಿಸಬೇಕು, ಯಾವುದನ್ನು ಅವರಿಗೆ ತಿಳಿಸಬೇಕು? ಮೂರು ವರ್ಷದ ಮಗಳಿರುವುದರಿಂದ ಸುರಕ್ಷತೆಯ ಬಗ್ಗೆಯೂ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹನ್ನೆರಡು ವರ್ಷಗಳಿಂದ ಬಾಡಿಗೆ ಮನೆಯಲ್ಲಿರುವವರು, ಕೋಲಾರ

ತಾಯಿ, ಮೊದಲು ಆ ತೇವದ ವಿಷಯ. ನನ್ನ ಎರಡನೆಯ ಬಾಡಿಗೆ ಮನೆಯಲ್ಲಿ ಸಿಂಕಿನ ಕೆಳಗೆ ಅಂಗೈಯಗಲದ ತೇವ ಕಂಡಾಗ, ಹೇಳಿದರೆ ಬಾಡಿಗೆ ಏರಿಸಿಯಾರು ಎಂಬ ಅಂಜಿಕೆಯಿಂದ ಎಂಟು ತಿಂಗಳು ಸುಮ್ಮನಿದ್ದೆ. ಗೋಡೆಯೊಳಗಿನ ಪೈಪು ಸೋರುತ್ತಿದ್ದುದರಿಂದ ಗಾರೆ ಉದುರಿತು, ಪಕ್ಕದ ಸ್ವಿಚ್ ಬೋರ್ಡಿನವರೆಗೂ ನೀರು ಇಳಿಯಿತು. ಮನೆ ಬಿಡುವಾಗ, ಮೊದಲೇ ತಿಳಿಸಲಿಲ್ಲವೆಂದು ಮಾಲೀಕರು ಮುಂಗಡದಲ್ಲಿ ಹಣ ಹಿಡಿದುಕೊಂಡರು. ಅವರ ಮಾತನ್ನು ತಪ್ಪೆನ್ನಲು ನನ್ನ ಬಳಿ ಕಾರಣವಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಬಳಕೆಯಿಂದ ಸಹಜವಾಗಿ ಆಗುವ ಸವಕಳಿಯನ್ನು ಬಿಟ್ಟು ಮನೆಯನ್ನು ಪಡೆದ ಸ್ಥಿತಿಯಲ್ಲೇ ಕಾಪಾಡಿ ಹಿಂದಿರುಗಿಸುವುದು ಬಾಡಿಗೆದಾರರ ಹೊಣೆ. ನಮ್ಮಿಂದಾದ ಹಾನಿಯನ್ನು ಮಾಲೀಕರು ತಿಳಿಸಿದ ಮೂರು ತಿಂಗಳೊಳಗೆ ಸರಿಪಡಿಸಬೇಕು. ಅದೇ ಕಲಮು, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು ಅವಕಾಶ ಕೊಡುತ್ತದೆ. ಎರಡಕ್ಕೂ ಆಧಾರ ತಿಳಿಸಿದ್ದಕ್ಕಿರುವ ದಾಖಲೆ. ಆದ್ದರಿಂದ ಇಂದೇ ಫೋಟೋ ತೆಗೆದು, ದಿನಾಂಕ ಬರೆದು ವಾಟ್ಸಾಪ್‌ನಲ್ಲಿ ಕಳುಹಿಸಿ. ಫೋನಿನಲ್ಲಿ ಹೇಳಿದ್ದು ಇಬ್ಬರಿಗೂ ಮರೆತುಹೋಗುತ್ತದೆ.

ಕೆಲಸದ ಹಂಚಿಕೆಗೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಒಳ್ಳೆಯ ಅಳತೆಗೋಲು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ಆದರೂ ಮಾತುಕತೆಗೆ ಬಹಳ ನೆರವಾಗುತ್ತದೆ. ನಲ್ಲಿಯ ವಾಷರ್, ಗೀಸರ್ ರಿಪೇರಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಮೋರಿ ಸ್ವಚ್ಛತೆ ಅದರಲ್ಲಿ ಬಾಡಿಗೆದಾರರ ಪಾಲಿಗಿವೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆ, ವೈರಿಂಗ್ ಮಾಲೀಕರ ಪಾಲಿಗಿವೆ. ಹಾಗಾಗಿ ನಲ್ಲಿಯನ್ನು ನೀವೇ ಸರಿಪಡಿಸಿಕೊಳ್ಳಿ, ಗೋಡೆಯನ್ನು ಅವರಿಗೆ ಬಿಡಿ. ಗೀಸರ್ ಬಗ್ಗೆ ಮಾತ್ರ ಒಮ್ಮೆ ಮಾತನಾಡಿ ನೋಡಿ. ನೀವು ಬಂದು ಎರಡೇ ತಿಂಗಳಾಗಿರುವುದರಿಂದ ದೋಷ ಮೊದಲಿನದೇ ಇರಬಹುದು.

ವಿದ್ಯುತ್ ಮತ್ತು ಕೊಳಾಯಿ ಕೆಲಸದವರು, ಬಂಗಾರಪೇಟೆ

ಗೀಸರ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಜಿಲ್ಲೆಯ ಕೊಳವೆಬಾವಿಯ ಗಡಸು ನೀರು ಕಾದಾಗ ಕಾಯಿಲಿನ ಮೇಲೆ ಸುಣ್ಣದಂತಹ ಬಿಳಿ ಪದರ ಕಟ್ಟುತ್ತದೆ, ಶಾಖ ನೀರಿಗೆ ತಲುಪದೆ ಕಾಯಿಲೇ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಆ ಪದರ ತೆಗೆಸಿ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಸರಳನ್ನೂ ಆಗಲೇ ನೋಡಿಸಿ. ಒತ್ತಡ ಹೆಚ್ಚಿದಾಗ ನೀರು ಬಿಡುವ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಕೆಲವರು ಅದರ ಬಾಯಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತೊಟ್ಟಿ ಸಿಡಿಯಬಹುದು.

ಮೀಟರ್ ಬೋರ್ಡಿನಲ್ಲಿ ಪರೀಕ್ಷೆಯ ಗುಂಡಿಯಿರುವ ಆರ್‌ಸಿಸಿಬಿ ಇದೆಯೇ ನೋಡಿ. ಮಿತಿಮೀರಿದ ವಿದ್ಯುತ್ ಹರಿದಾಗ ಸಂಪರ್ಕ ಕಡಿಯುವ ಎಂಸಿಬಿ ವೈರನ್ನು ಕಾಯುತ್ತದೆ. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ. ತಿಂಗಳಿಗೊಮ್ಮೆ ಗುಂಡಿ ಒತ್ತಿದಾಗ ಅದು ವಿದ್ಯುತ್ ಕಡಿಯದಿದ್ದರೆ ಮಾಲೀಕರಿಗೆ ತಕ್ಷಣ ತಿಳಿಸಿ. ಗೋಡೆಯ ತೇವ ಸ್ವಿಚ್ಚಿನ ಹತ್ತಿರಕ್ಕೆ ಬಂದಿದ್ದರೆ ಆ ಸಾಲಿನ ಎಂಸಿಬಿಯನ್ನು ಇಂದೇ ಇಳಿಸಿಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವುದನ್ನೂ ಮರೆಯಬೇಡಿ, ಇಲ್ಲಿನ ನೆಲ ಬೇಗ ಒಣಗುತ್ತದೆ.

ಆರೋಗ್ಯ ಕಾರ್ಯಕರ್ತೆ, ಮಾಲೂರು

ಮಗುವಿರುವ ಮನೆಯಲ್ಲಿ ನಾನು ಮೊದಲು ನೋಡುವುದು ಸಂಪಿನ ಮುಚ್ಚಳವನ್ನು. ಅದಕ್ಕೆ ಬೀಗ ಹಾಕಿ. ನೀರು ದಿನ ಬಿಟ್ಟು ದಿನ ಬರುವ ಬೀದಿಗಳಲ್ಲಿ ಡ್ರಮ್ಮು ತುಂಬಿಡುವುದು ಅನಿವಾರ್ಯ, ಆದರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕಾಗುವುದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಬಿಗಿಯಾಗಿ ಮುಚ್ಚಿ.

ಅಡುಗೆ ಅನಿಲದ ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅವಧಿಯನ್ನು ಅದರ ಮೇಲೆಯೇ ಮುದ್ರಿಸಿರುತ್ತಾರೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಒಂದೊಂದಾಗಿ ನೋಡಿದೆವು. ನಲ್ಲಿಗೆ ಹೊಸ ವಾಷರ್ ಹಾಕಿಸಿದೆವು, ಸಂಪಿಗೆ ಬೀಗ ಬಿದ್ದಿದೆ. ಗ್ಯಾಸ್ ಟ್ಯೂಬಿನ ಅವಧಿ ಮುಗಿದು ಎರಡು ವರ್ಷವಾಗಿತ್ತು, ಅದನ್ನೂ ಬದಲಿಸಿದೆವು. ಆರ್‌ಸಿಸಿಬಿಯ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಅದರ ವಿಷಯವನ್ನೂ ಗೋಡೆಯ ಫೋಟೋವನ್ನೂ ಮಾಲೀಕರಿಗೆ ಬರೆದು ಕಳುಹಿಸಿದ್ದೇವೆ. ಗುರುವಾರ ಕೆಲಸದವರನ್ನು ಕರೆತರುವುದಾಗಿ ಉತ್ತರ ಬಂದಿದೆ. ಗೀಸರ್‌ನ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದು ಅವರೇ ಕೇಳಿದ್ದಾರೆ, ನಾವು ಒಪ್ಪಿದ್ದೇವೆ.