ಸ್ಯಾನ್ ಡಿಯಾಗೋದಲ್ಲಿ ಒಳ್ಳೆಯ ಕಾರ್ನೆ ಅಸಾದಾ ಬುರಿಟೊ: ತಿಂದವರು ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಕಚೇರಿ ಕೆಲಸಕ್ಕೆಂದು ಎರಡು ವಾರ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇರುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅನ್ನ, ಕಾಳು ತುಂಬಿದ ಬುರಿಟೊ (ರೊಟ್ಟಿಯಲ್ಲಿ ಸುತ್ತಿ ಕೊಡುವ ಮೆಕ್ಸಿಕನ್ ತಿನಿಸು) ತಿಂದಿದ್ದೇನೆ. ಸ್ಯಾನ್ ಡಿಯಾಗೋದ ಬುರಿಟೊ ಬೇರೆಯೇ ಎನ್ನುತ್ತಾರೆ. ಎಲ್ಲಿ ತಿನ್ನಲಿ, ಹೇಗೆ ಆರಿಸಲಿ?

ಉತ್ತರ 1: ಒಂಬತ್ತು ವರ್ಷ ಆ ಊರಿನಲ್ಲಿದ್ದೆ. ಬೇರೆ ಎಂದವರ ಮಾತು ನಿಜ. ಅಲ್ಲಿನ ಕಾರ್ನೆ ಅಸಾದಾ (ಸುಟ್ಟ ದನದ ಮಾಂಸ) ಬುರಿಟೊಗೆ ಅನ್ನವನ್ನೂ ಕಾಳನ್ನೂ ಹಾಕುವುದಿಲ್ಲ. ಚಪಾತಿಯಂಥ ದೊಡ್ಡ ಗೋಧಿ ಟೋರ್ಟಿಯಾ, ಸುಟ್ಟು ಸಣ್ಣಗೆ ಕೊಚ್ಚಿದ ದನದ ಮಾಂಸ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಟೊಮೆಟೊ-ಈರುಳ್ಳಿ-ಕೊತ್ತಂಬರಿಯ ಪೀಕೋ ದೆ ಗಾಯೊ. ಅಷ್ಟೇ. ಮಾಂಸ ಚೆನ್ನಾಗಿಲ್ಲದಿದ್ದರೆ ಅದನ್ನು ಮರೆಸಲು ಒಳಗೆ ಬೇರೇನೂ ಇಲ್ಲ.

ಹಾಗಾಗಿ ನನ್ನ ಮಟ್ಟಿಗೆ ಅಂಗಡಿಯ ಹೆಸರಿಗಿಂತ ನೀವು ಹೋಗುವ ಹೊತ್ತು ದೊಡ್ಡದು. ನಮ್ಮ ಮನೆಯ ಹತ್ತಿರದ ಒಂದು ಅಂಗಡಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ತಿಂದಾಗ ಮಾಂಸದ ಅಂಚುಗಳು ಕರಿದಂತೆ ಗರಿಗರಿಯಾಗಿ, ಒಳಗೆ ರಸವಿತ್ತು. ನಿಂಬೆ, ಬೆಳ್ಳುಳ್ಳಿಯ ವಾಸನೆ ಕೈಯಿಂದ ಸಂಜೆಯವರೆಗೂ ಹೋಗಲಿಲ್ಲ. ಅದೇ ಅಂಗಡಿಗೆ ಇನ್ನೊಂದು ದಿನ ನಾಲ್ಕು ಗಂಟೆಗೆ ಹೋದೆ. ಬಿಸಿ ತಟ್ಟೆಯಲ್ಲಿ ಬಹಳ ಹೊತ್ತಿನಿಂದ ಬಿದ್ದಿದ್ದ ಮಾಂಸ, ಜಗಿದಷ್ಟೂ ನಾರು. ಅಂದಿನಿಂದ ಬಾಗಿಲಲ್ಲಿ ಒಂದು ನಿಮಿಷ ನಿಂತು ಕಿವಿಗೊಡುತ್ತೇನೆ: ಹಲಗೆಯ ಮೇಲೆ ಕತ್ತಿಯ ಟಕಟಕ ಕೇಳಿದರೆ ಒಳಗೆ ಹೋಗಬಹುದು.

ಊರಿನ ತುಂಬ ‘ಬರ್ಟೋಸ್’ ಎಂದು ಮುಗಿಯುವ ಹೆಸರುಗಳೇ ಕಾಣುತ್ತವೆ. ಮೆಕ್ಸಿಕೋ ಗಡಿಯ ಪಕ್ಕದ ಸ್ಯಾನ್ ಇಸಿದ್ರೊದಲ್ಲಿ 1964ರಲ್ಲಿ ಟೋರ್ಟಿಯಾ ತಯಾರಿಸಲು ಆರಂಭಿಸಿದ ರಾಬರ್ಟೊ ಮತ್ತು ಡೊಲೊರೆಸ್ ರಾಬ್ಲೆಡೊ ದಂಪತಿಯ ‘ರಾಬರ್ಟೋಸ್’ ಇದಕ್ಕೆಲ್ಲ ಮೂಲ. ಹೆಸರು ಹತ್ತಿರವೆಂದು ರುಚಿಯೂ ಒಂದೇ ಎಂದುಕೊಳ್ಳಬೇಡಿ. ಕೌಂಟರಿನಲ್ಲಿ ಕ್ಯಾರೆಟ್ ಮತ್ತು ಹಲಪೇನ್ಯೊ ಮೆಣಸಿನಕಾಯಿಯ ಉಪ್ಪಿನಕಾಯಿ ಇದ್ದರೆ ಖಂಡಿತ ಹಾಕಿಸಿಕೊಳ್ಳಿ. ಕೊಬ್ಬಿನ ಮಾಂಸಕ್ಕೆ ಅದರ ಹುಳಿ ಬೇಕೇ ಬೇಕು.

ಉತ್ತರ 2: ನಮ್ಮ ಯಜಮಾನರು ದನದ ಮಾಂಸ ಮುಟ್ಟುವುದಿಲ್ಲ. ಅವರಿಗೆ ‘ಪೋಯೊ ಅಸಾದೊ’, ಅಂದರೆ ಹಾಗೆಯೇ ಸುಟ್ಟ ಕೋಳಿ, ಹೇಳುತ್ತೇವೆ. ಸಸ್ಯಾಹಾರಿ ಸ್ನೇಹಿತರು ಜೊತೆಗಿದ್ದರೆ ಟೋರ್ಟಿಯಾಕ್ಕೂ ಕಾಳಿಗೂ ‘ಮಾಂತೆಕಾ’ ಹಾಕಿದ್ದಾರೆಯೇ ಎಂದು ಮೊದಲೇ ಕೇಳಿ. ಅದು ಹಂದಿಯ ಕೊಬ್ಬು. ನಾವು ಕೇಳದೆ ತಿಂದು ಆಮೇಲೆ ಬಹಳ ನೊಂದುಕೊಂಡೆವು.

ಉತ್ತರ 3: ಇದರ ತಮ್ಮನಂಥ ‘ಕ್ಯಾಲಿಫೋರ್ನಿಯಾ ಬುರಿಟೊ’ವನ್ನೂ ಬಿಡಬೇಡಿ. ಅದೇ ಮಾಂಸದ ಜೊತೆ ಆಲೂಗಡ್ಡೆಯ ಫ್ರೆಂಚ್ ಫ್ರೈಸ್, ಚೀಸ್. 1980ರ ದಶಕದಲ್ಲಿ ಇದೇ ಊರಿನಲ್ಲಿ ಹುಟ್ಟಿದ್ದು. ಆದರೆ ಮೊದಲ ದಿನವೇ ಅದನ್ನು ತಿನ್ನಬೇಡಿ, ಆಲೂಗಡ್ಡೆ ಮಾಂಸದ ರುಚಿಯನ್ನು ನುಂಗಿಬಿಡುತ್ತದೆ. ನನ್ನ ಆಯ್ಕೆ ಪಕ್ಕದ ಊರು ಚೂಲಾ ವಿಸ್ತಾದ ‘ಲೋಲಿತಾಸ್’ ಅಂಗಡಿ. ಕಾರು ಇಲ್ಲದಿದ್ದರೂ ಚಿಂತೆಯಿಲ್ಲ, ಗಡಿಯವರೆಗೆ ಓಡುವ ಟ್ರಾಲಿಯ (ನಗರದ ಲಘು ರೈಲಿನ) ನೀಲಿ ಮಾರ್ಗ ಚೂಲಾ ವಿಸ್ತಾದ ಮೂಲಕವೇ ಹೋಗುತ್ತದೆ.

ಇನ್ನೊಂದು ಮಾತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಲರೂ ಅನ್ನ ತುಂಬುವುದಿಲ್ಲ. ಮಿಷನ್ ಬಡಾವಣೆಯ ‘ಲಾ ತಾಕೆರಿಯಾ’ದವರು ಅನ್ನ ಹಾಕುವುದೇ ಇಲ್ಲ. ಕೇಳಿದರೆ ಬುರಿಟೊವನ್ನು ಕಾವಲಿಯ ಮೇಲೆ ಹೊಂಬಣ್ಣ ಬರುವಂತೆ ಹೊರಳಿಸಿ ಕೊಡುತ್ತಾರೆ. ಹಿಂದಿರುಗುವಾಗ ಆ ಊರಿನಲ್ಲಿ ಇಳಿಯುವುದಾದರೆ ಅಲ್ಲಿಯೂ ಒಂದು ತಿನ್ನಿ, ಎರಡರಲ್ಲಿ ಯಾವುದು ಹಿಡಿಸಿತು ಎಂದು ಇಲ್ಲಿ ಬರೆಯಿರಿ.